ಅಧ್ಯಕ್ಷೆಯ ಸೊಸೆ

ರಮ್ಯಾ ಮೊದಲ ಸಲ ನಿವೃತ್ತ ಮುನಿಶಾಮಯ್ಯ ಮೇಷ್ಟ್ರ ಮನೆಗೆ ಬಂದದ್ದು ಒಂದು ಭಾನುವಾರ, ಗಂಡನ ಬೈಕಿನ ಹಿಂದೆ ಕುಳಿತು. ಗಂಡ ಲೋಕೇಶ್ ಗೇಟಿನ ಬಳಿಯೇ ಅವಳನ್ನು ಇಳಿಸಿ, "ಕೋಡಿಹಳ್ಳೀಲಿ ಒಸಿ ಕೆಲ್ಸ ಐತೆ, ಬತ್ತೀನಿ, ಮುಗಿಸ್ಕಂಡಿರು" ಎಂದು ಹೊರಟುಹೋದ. ಅವಳ ಬಳಿ ಓದಿನ ಪ್ರಬಂಧಕ್ಕೆಂದು ಸಿದ್ಧಪಡಿಸಿದ ಇಂಗ್ಲಿಷಿನ ಪ್ರಶ್ನೆಗಳಿದ್ದವು. ಅವನ್ನು ಹಳ್ಳಿಯ ಹೆಂಗಸರಿಗೆ ಅರ್ಥವಾಗುವ ಕನ್ನಡಕ್ಕೆ ತರಬೇಕಿತ್ತು.

"ಇವನ್ನೆಲ್ಲ ಯಾರನ್ನ ಕೇಳ್ತೀಯ ತಾಯಿ?" ಎಂದರು ಮೇಷ್ಟ್ರು.

"ನಮ್ಮೂರ ಹೆಂಗಸರ ಡೈರಿಗೆ ಹಾಲು ಹಾಕೋರನ್ನ ಸಾರ್."

"ಅಲ್ಲಿ ಅಧ್ಯಕ್ಷೆ ನಿಮ್ಮತ್ತೇನೇ ಅಲ್ವೇನಮ್ಮ?"

"ಹೂಂ ಸಾರ್. ಅದಕ್ಕೇ ಸುಲಭ ಆಗುತ್ತೆ ಅಂತ ಇದನ್ನೇ ಆರಿಸ್ಕೊಂಡೆ."

ಮೇಷ್ಟ್ರು ಕನ್ನಡಕ ಒರೆಸಿಕೊಂಡರು. ಪ್ರಶ್ನೆಗಳ ಹಾಳೆ ಕೈಗೆತ್ತಿಕೊಂಡರು.

ಉಯ್ಯಂಬಳ್ಳಿಯ ಹುಡುಗಿ ಅವಳು. ಕನಕಪುರದಲ್ಲಿ ಬಿ.ಎ. ಮುಗಿಸಿದ ವರ್ಷವೇ ಮದುವೆಯಾಯಿತು. ಆಮೇಲೆ ಮೊಬೈಲಿನಲ್ಲಿ ತಾನೇ ಹುಡುಕಿ, ಅರ್ಜಿ ಹಾಕಿ, ಇಂಗ್ಲೆಂಡಿನ ಒಂದು ವಿಶ್ವವಿದ್ಯಾಲಯದಲ್ಲಿ ಅಂತರರಾಷ್ಟ್ರೀಯ ಅಭಿವೃದ್ಧಿ ಎಂಬ ವಿಷಯದಲ್ಲಿ ಎಂ.ಎ. ಸೀಟು ಪಡೆದಳು. ವಿದ್ಯಾರ್ಥಿವೇತನವೂ ಸಿಕ್ಕಿತು, ಪಾಠವೆಲ್ಲ ಆನ್‌ಲೈನ್. ಲೋಕೇಶ್ ಮುಖ ಗಂಟಿಕ್ಕಿದಾಗ ಅತ್ತೆ ಬೈರಮ್ಮನೇ ಅಡ್ಡ ಬಂದಳು. "ಓದ್ಕಳ್ಲಿ ಬುಡ್ಲಾ! ಮನೇಲೇ ಕೂತ್ಕಂಡು ತಾನೆ?"

ಹಾಗೆ ಅವಳು ಕೊಟ್ಟಿಗೆಯ ಪಕ್ಕದ ಕೋಣೆಯಲ್ಲಿ ಕುಳಿತು ಓದಿದಳು. ಆಫ್ರಿಕಾದ ಬಡತನದ ಬಗ್ಗೆ ಚರ್ಚೆ ನಡೆಯುವಾಗ ಇವಳ ಕಡೆಯಿಂದ ಹಸು ಕೂಗುತ್ತಿತ್ತು, ದೂರದೇಶದ ಸಹಪಾಠಿಗಳು ನಗುತ್ತಿದ್ದರು. ಆ ಕೋಣೆಯಿಂದ ಪ್ರಪಂಚವೆಲ್ಲ ಕಾಣುತ್ತಿತ್ತು. ಒಬ್ಬಳೇ ಕನಕಪುರಕ್ಕೆ ಹೋಗಿ ಬರಲು ಮಾತ್ರ ಮನೆಯವರನ್ನು ಕೇಳಬೇಕಿತ್ತು.

ಕೊನೆಗೆ ಉಳಿದದ್ದು ಪ್ರಬಂಧ. ಅದು ಒಪ್ಪಿಗೆಯಾಗದಿದ್ದರೆ ಪದವಿಯಿಲ್ಲ. ಡೈರಿಯಂಥ ಸಹಕಾರ ಸಂಘಗಳಿಂದ ಹೆಂಗಸರ ಕೈಗೆ ಅಧಿಕಾರ ಬಂದಿದೆಯೇ ಎಂಬುದು ಅವಳ ವಿಷಯ. ಮನೆಮನೆಗೆ ಹೋಗಿ ಕೇಳಲು ಹೊರಟಾಗ ಬೈರಮ್ಮನೂ ಸೆರಗು ಸಿಕ್ಕಿಸಿಕೊಂಡು ಹೊರಟಳು. "ನೀನೊಬ್ಳೇ ವೋದ್ರೆ ಯಾರ್ ಮಾತಾಡ್ತಾರೆ ಮಗಾ?" ಹಿರಿಯಳಿಗೆ ಬೇಡವೆನ್ನಲು ಸೊಸೆಗೆ ಬಾಯಿ ಬರಲಿಲ್ಲ.

ಹೋದಲ್ಲೆಲ್ಲ ಒಂದೇ ಉತ್ತರ. ಕೆಳಗಿನ ಬೀದಿಯ ಹೊಂಬಾಳಮ್ಮ ಜಗಲಿಯ ಮೇಲೆ ಅವರೆಕಾಯಿ ಸುಲಿಯುತ್ತ, "ಬರ್ಕಳವ್ವ, ಎಲ್ಲಾ ಚೆನ್ನಾಗೈತೆ. ನಮ್ ಬೈರಕ್ಕ ಇರೋವಾಗ ನಮ್ಗೇನು ಕೊರತೆ?" ಎಂದಳು.

"ಏನೇ ಹಂಗಂತೀಯ! ದನದ ಫೀಡು ಟೈಮಿಗೆ ಬರಾಕಿಲ್ಲ ಅಂತ ಮೊನ್ನೆ ಬಯ್ತಿದ್ದಲ್ಲ?" ಎಂದು ಬೈರಮ್ಮ ಕೆಣಕಿದಳು.

"ಅಯ್ಯೋ, ಅದು ಲೋಕೇಶಪ್ಪಂಗೆ ಹೇಳಿದ್ದು ಕಣಕ್ಕ. ನಿಂಗ್ ಹೇಳಿ ಏನಾಯ್ತದೆ?"

ಇಬ್ಬರೂ ಹೊಟ್ಟೆ ಹಿಡಿದು ನಕ್ಕರು. ರಮ್ಯಾ ನಗಲಿಲ್ಲ. ದಿನವೂ ಕಾಣುತ್ತಿದ್ದುದೇ ಅದು. ಅಧಿಕಾರಿಗಳು ಫೋನು ಮಾಡುತ್ತಿದ್ದುದು ಲೋಕೇಶನಿಗೆ. ಸಭೆ ನಡೆಸುತ್ತಿದ್ದವನು ಅವನು. ಬೈರಮ್ಮ ಹಿಟ್ಟಿನ ಕೈ ತೊಳೆದುಕೊಂಡು ಬಂದು, ಮಗ ಬೆರಳಿಟ್ಟಲ್ಲಿ ಸಹಿ ಹಾಕುತ್ತಿದ್ದಳು. ಇಷ್ಟು ಹತ್ತಿರದ ಸಂಗತಿ ಅವಳಿಗೆ ಅರ್ಥವಾದದ್ದು ಮಾತ್ರ ಆ ಜಗಲಿಯ ಮೇಲೆ.

ವಿಶ್ವವಿದ್ಯಾಲಯದ ಮಾರ್ಗದರ್ಶಕಿಗೆ ತಿಳಿಸಿದಾಗ ಆಕೆ ಪರದೆಯಲ್ಲೇ ಹಿಗ್ಗಿದರು. ಇದನ್ನೇ ಬರೆ, ಹೆಸರುಗಳನ್ನು ಮಾತ್ರ ಬದಲಿಸು ಎಂದರು. ಹೆಸರು ಬದಲಿಸಿ ಮಾಡುವುದೇನು? ಊರಿಗೆ ಇದ್ದದ್ದು ಹೆಂಗಸರದೊಂದೇ ಡೈರಿ, ಅದಕ್ಕೊಬ್ಬಳೇ ಅಧ್ಯಕ್ಷೆ, ಅವಳಿಗೊಬ್ಬನೇ ಮಗ.

ಲೋಕೇಶ್ ಒಂದು ದಿನ ಲ್ಯಾಪ್‌ಟಾಪಿನೊಳಗೆ ಬಗ್ಗಿ ನೋಡಿ, "ನಮ್ ಡೈರಿ ಬಗ್ಗೆ ಏನೇನ್ ಬರ್ದೆ? ಕನ್ನಡದಲ್ಲಿ ಹೇಳು, ಕೇಳಾನ" ಎಂದ. ಅದಕ್ಕಾದರೂ ಏನೋ ಒಂದು ಹೇಳಿ ತಪ್ಪಿಸಿಕೊಳ್ಳಬಹುದಿತ್ತು. ಆದರೆ ಬೈರಮ್ಮ ಹಾಲು ಹಾಕಲು ಬಂದವರಿಗೆಲ್ಲ, "ನನ್ ಇಚಾರ ಲಂಡನ್ನಿಗೆ ವೋಯ್ತೈತೆ ಕಣ್ರೇ! ನಮ್ ಸೊಸೆ ಬರೀತಾವ್ಳೆ" ಎಂದು ಸಾರುತ್ತಿದ್ದಳು. ಆ ಹೆಮ್ಮೆಯ ಮುಂದೆ ರಮ್ಯಾಳ ಕೈ ಓಡಲಿಲ್ಲ. ಬರೆದಳು, ಅಳಿಸಿದಳು, ಮತ್ತೆ ಬರೆದಳು. ಕಡೆಗೆ ಎಲ್ಲವನ್ನೂ ಬಿಟ್ಟು, ತಾನೆಂದೂ ಕಾಣದ ಬೇರೊಂದು ದೇಶದ ಸಂಘಗಳ ಬಗ್ಗೆ ಪುಸ್ತಕಗಳಿಂದ ಆಯ್ದು ಬರೆದು ಕಳುಹಿಸಿದಳು.

ಪಾಸಾದಳು, ಅಷ್ಟಕ್ಕಷ್ಟೆ. ಮಾರ್ಗದರ್ಶಕಿ ಆಮೇಲೆ ಪತ್ರ ಬರೆಯಲಿಲ್ಲ. ಮೇಷ್ಟ್ರು ವಿಚಾರಿಸಿದಾಗ, "ಬರ್ದಿದ್ರೆ ಆ ಮನೇಲಿ ಊಟಕ್ಕೆ ಹೆಂಗ್ ಕೂರ್ಲಿ ಸಾರ್?" ಎಂದಳಷ್ಟೆ. ಅವರು ಬಾಳೆಹಣ್ಣು ಕೊಟ್ಟು ಕಳುಹಿಸಿದರು.

ಮರುವರ್ಷ ಡೈರಿಯ ಚುನಾವಣೆ ಬಂತು. ಬೈರಮ್ಮನಿಗೆ ಮಂಡಿನೋವು. "ಇನ್ಮೇಲೆ ನಮ್ ಸೊಸೇನೇ ಆಗ್ಲಿ. ಓದವ್ಳೆ, ಮನೆ ಮಾತ್ನ ಆಚೆ ಹಾಕೋಳಲ್ಲ" ಎಂದಳು. ಹೆಂಗಸರೆಲ್ಲ ಚಪ್ಪಾಳೆ ತಟ್ಟಿದರು. ರಮ್ಯಾಳನ್ನು ಯಾರೂ ಕೇಳಲಿಲ್ಲ. ಲೋಕೇಶ್ ಆಗಲೇ ಹಾರ ತಂದಾಗಿತ್ತು.

ಈಗ ಅಧ್ಯಕ್ಷೆ ಅವಳೇ. ಸಹಿ ಹಾಕುವ ಮುಂಚೆ ಪ್ರತಿಯೊಂದನ್ನೂ ಪೂರ್ತಿ ಓದುತ್ತಾಳೆ. "ಇದೇನ್ ಪರೀಕ್ಷೆನಾ? ಹಾಕಮ್ಮಿ ಬೇಗ" ಎಂದು ಲೋಕೇಶ್ ಗೊಣಗುತ್ತಾನೆ. ಫೋನುಗಳು ಈಗಲೂ ಅವನಿಗೇ ಬರುತ್ತವೆ. ಸಭೆ ನಡೆಯುವಾಗ ಹೊರಗಿರು ಎಂದು ಅವಳು ಒಮ್ಮೆ ಹೇಳಿದ್ದಕ್ಕೆ, ನಗುತ್ತ ಹೋಗಿ ಬಾಗಿಲಲ್ಲಿ ನಿಂತ. ಅಂದಿನಿಂದ ಪ್ರತಿ ಸಭೆಗೂ ಅಲ್ಲೇ ಬೈಕ್ ನಿಲ್ಲಿಸಿಕೊಂಡು ಒರೆಸುತ್ತಿರುತ್ತಾನೆ. ಒಳಗಿನ ಹೆಂಗಸರು ಬಾಗಿಲ ಕಡೆ ನೋಡಿಕೊಂಡೇ ಮಾತನಾಡುತ್ತಾರೆ. ಇದುವರೆಗೆ ಅವರು ತಾವೇ ಕುಳಿತು ತೀರ್ಮಾನಿಸಿದ್ದು ಒಂದೇ: ಸಭೆ ಸಂಜೆ ಬೇಡ, ಅದು ಹಾಲು ಕರೆಯುವ ಹೊತ್ತು; ಮಧ್ಯಾಹ್ನಕ್ಕಿರಲಿ ಎಂದು.