ಮೊದಲು ‘ಏನೂ ಆಗಿಲ್ಲ’, ಆಮೇಲೆ ನಮಸ್ಕಾರ

ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ಆಸ್ಪತ್ರೆಯ ನೆಲಮಾಳಿಗೆಯಲ್ಲಿ, ಬಟ್ಟೆ ಒಗೆಯುವ ಯಂತ್ರಗಳ ಪಕ್ಕದ ಕೋಣೆಯಲ್ಲಿ, ಆಸ್ಪತ್ರೆಯವರೆಲ್ಲ ಕಂಪ್ಯೂಟರಕ್ಕ ಎಂದು ಕರೆಯುವವರು ಒಂದು ಕೈಯಲ್ಲಿ ಕತ್ತು ಒತ್ತಿಕೊಳ್ಳುತ್ತ, ಇನ್ನೊಂದರಲ್ಲಿ ಫೋನು ಹಿಡಿದು ಕೂತಿದ್ದಾರೆ. ಆ ಕಡೆ ರೋಗಿಯ ಮನೆಯವರು ಯಾರಾದರೂ ನಿದ್ದೆಗಣ್ಣಲ್ಲಿ ಎತ್ತಿಕೊಂಡರೆ ಇವರ ಮೊದಲ ಮಾತು, “ಏನೂ ಆಗಿಲ್ಲ, ಗಾಬರಿ ಬೇಡ.” ನಮಸ್ಕಾರ ಆಮೇಲೆ.

“ಆಸ್ಪತ್ರೆ ಅಂದ ತಕ್ಷಣ ಜನಕ್ಕೆ ಜೀವ ಬಾಯಿಗೆ ಬಂದಿರುತ್ತೆ. ನಂಬರ್ ಸರಿ ಇದೆಯಾ ನೋಡೋಕೆ ಮಾಡಿದ್ದು ಅಂದ್ರೆ ಬೈತಾರೆ. ಬೈದ್ರೆ ನನಗೆ ಸಮಾಧಾನ. ಎತ್ತೋರು ಇದ್ದಾರೆ ಅಂತಾಯ್ತಲ್ಲ,” ಎನ್ನುತ್ತಾರೆ.

ನೋಂದಣಿ ಕಿಟಕಿಯಲ್ಲಿ ಟೈಪು ಮಾಡಲು ಸೇರಿದವರು ಇವರು. ರೋಗಿಗಳ ವಿವರ ಇಡುವ ತಂತ್ರಾಂಶ ತಂದು ಕೂರಿಸಿದ ಕಂಪನಿಯವರು ಕೈತೊಳೆದುಕೊಂಡು ಹೋದ ಮೇಲೆ, ಕೆಟ್ಟಾಗ ಸರಿಮಾಡುವ ಕೆಲಸ ಹೇಳದೆ ಕೇಳದೆ ಇವರ ಕೊರಳಿಗೆ ಬಿತ್ತು. ಹುದ್ದೆಯ ಹೆಸರು ಮಾತ್ರ ಬದಲಾಗಿಲ್ಲ. ಮನೆಯಲ್ಲಿ ಮಂಡಿನೋವಿನ ಅತ್ತೆ, ವ್ಯಾನು ಓಡಿಸುವ ಗಂಡ, ಅಮ್ಮನ ಮುಖ ಭಾನುವಾರ ಮಾತ್ರ ಸರಿಯಾಗಿ ನೋಡುವ ಮಗಳು. ಗಂಡ ಡ್ಯೂಟಿಗೆ ಹೊರಡುವಾಗ ಇವರನ್ನೂ ಇಳಿಸಿ ಹೋಗುತ್ತಾರೆ. ದಾರಿಯುದ್ದಕ್ಕೂ ಇವರು ತೂಕಡಿಸುತ್ತಾರೆ, ಅವರು ರೇಡಿಯೊ ಹಾಕುವುದಿಲ್ಲ.

ಕೆಲಸ ಕೇಳಿದರೆ ಮೂರು ಮಾತಿನದು. ಕಂಪ್ಯೂಟರಿನ ಒಂದು ಟೇಬಲ್ಲಿನಲ್ಲಿ, ಅಂದರೆ ಪಟ್ಟಿಯಲ್ಲಿ, ರೋಗಿಗಳು, ಇನ್ನೊಂದರಲ್ಲಿ ಅವರ ನೆಂಟರ ಫೋನ್ ನಂಬರುಗಳು. ರೋಗಿಯ ಕ್ರಮಸಂಖ್ಯೆ ಹಿಡಿದು ಎರಡನ್ನೂ ಜೋಡಿಸಬೇಕು. ಆಪರೇಷನ್ ಥಿಯೇಟರಿನ ಪರದೆಯಲ್ಲಿ ಒಬ್ಬ ರೋಗಿಗೆ ಒಂದೇ ಸಾಲು, ಒಂದೇ ನಂಬರು ಬರಬೇಕು. ಸುಮ್ಮನೆ ಜೋಡಿಸಿದರೆ ಮೂವರು ನೆಂಟರಿರುವ ರೋಗಿ ಪರದೆಯಲ್ಲೂ ಮೂವರಾಗುತ್ತಾನೆ. ಮೊದಮೊದಲು ಹಾಗೇ ಆಗುತ್ತಿತ್ತಂತೆ. ನಾಲ್ಕು ಆಪರೇಷನ್ ಇದ್ದ ಒಂದು ದಿನ ಹನ್ನೊಂದು ಹೆಸರು ಕಂಡು ಥಿಯೇಟರಿನ ಸಿಸ್ಟರ್ ತಲೆ ಮೇಲೆ ಕೈಹೊತ್ತು ಕೂತರಂತೆ. ಈಗ ನೆನೆದು ಎಲ್ಲರೂ ನಗುತ್ತಾರೆ.

ನಗು ಬಾರದ ಸಂಗತಿಯೂ ಒಂದಿದೆ. ಬಂದ ನಂಬರುಗಳಲ್ಲಿ ಕೊನೆಗೆ ಬರೆಸಿದ್ದನ್ನೇ ಆರಿಸಲಿ ಎಂದು ಅಕ್ಕ ಒಮ್ಮೆ ಕಂಪ್ಯೂಟರಿಗೆ ಕ್ವೆರಿ, ಅಂದರೆ ಬೇಕಾದ್ದನ್ನು ಕೇಳುವ ಪ್ರಶ್ನೆ, ಬರೆದರು. ಹೊಸ ನಂಬರು ತಾನೇ ಚಾಲ್ತಿಯಲ್ಲಿರುವುದು ಎಂಬ ಲೆಕ್ಕ. ಒಬ್ಬ ರೋಗಿಗೆ ಕೊನೆಯದಾಗಿ ನಂಬರು ಬರೆಸಿದ್ದವನು ಅವರನ್ನು ಆಸ್ಪತ್ರೆಗೆ ತಂದುಬಿಟ್ಟ ಟ್ಯಾಕ್ಸಿಯವನು. ಆಪರೇಷನ್ ಕೈಕೊಟ್ಟ ಸುದ್ದಿ ಅವನಿಗೆ ಹೋಯಿತು. ಹೆಂಡತಿ ಹೊರಗೆ ಗೇಟಿನ ಬಳಿ ಚೀಲ ತೊಡೆಯ ಮೇಲಿಟ್ಟುಕೊಂಡು ಕೂತೇ ಇದ್ದರು.

“ಕಂಪ್ಯೂಟರ್ ತಪ್ಪು ಮಾಡ್ಲಿಲ್ಲ. ನಾನು ಕೇಳಿದ್ದನ್ನೇ ಕೊಡ್ತು,” ಎನ್ನುತ್ತಾರೆ ಅಕ್ಕ. ಹತ್ತಿರದ ನೆಂಟಸ್ತಿಕೆ ಮೊದಲು ಎಂಬ ನಿಯಮ ಆಮೇಲೆ ಬಂದದ್ದು: ಗಂಡ ಹೆಂಡತಿ, ಮಕ್ಕಳು, ಒಡಹುಟ್ಟಿದವರು, ಉಳಿದವರು. ಯಾರೂ ಹೇಳದಿದ್ದರೂ ಬೆಳಗಿನ ಈ ಫೋನು ಶುರುವಾದದ್ದೂ ಆಗಲೇ.

ಇವತ್ತು ಒಂದು ನಂಬರು ಹೋಗುತ್ತಿಲ್ಲ. ಎಂಟಕ್ಕೆ ಹೊಟ್ಟೆಯ ಆಪರೇಷನ್ ಇರುವ ಗಡಿಯಾರದ ತಾತನದು. ಪೇಟೆಯ ಮೂಲೆಯಲ್ಲಿ ಗಡಿಯಾರ ರಿಪೇರಿ ಮಾಡುತ್ತಿದ್ದವರು. ತಾತನ ಹೆಸರಿಗೆ ಎರಡು ಸಾಲು, ಮಗ ಮತ್ತು ಸೊಸೆ. ನಿಯಮದ ಪ್ರಕಾರ ಪರದೆಗೆ ಬರುವುದು ಮಗನ ನಂಬರು. ಅದು ಬಳಕೆಯಲ್ಲಿಲ್ಲ ಎನ್ನುತ್ತಿದೆ. ನಡುವೆ ಡಾಕ್ಟರಿಗೆ ಮನೆಯವರ ಒಪ್ಪಿಗೆ ಬೇಕಾದರೆ ಯಾರೂ ಸಿಗುವುದಿಲ್ಲ. ಲಿಫ್ಟು ಕೆಟ್ಟಿದೆ. ಅಕ್ಕ ಮೆಟ್ಟಿಲು ಹತ್ತುತ್ತಾರೆ.

“ತಾತ, ನಿಮ್ಮ ಮಗನ ನಂಬರ್ ಬದಲಾಗಿದೆಯಾ?”

“ಅವನು ಹೋಗಿ ವರ್ಷದ ಮೇಲಾಯ್ತಮ್ಮ,” ಎನ್ನುತ್ತಾರೆ ತಾತ. “ಹಳೇ ಚೀಟಿಯಲ್ಲಿ ಬರ್ಸಿದ್ದು. ನೋಡ್ಕೊಳ್ಳೋಳು ಸೊಸೇನೇ.”

“ಹಾಗಾದ್ರೆ ಅದನ್ನ ತೆಗೆದುಬಿಡ್ಲಾ?”

ತಾತ ಹೊದಿಕೆಯ ಅಂಚು ಸರಿಮಾಡುತ್ತಾರೆ, ಮತ್ತೆ ಸರಿಮಾಡುತ್ತಾರೆ. “ಬ್ಯಾಂಕಲ್ಲಿ ಅವನ ಹೆಸರು ತೆಗೆದ್ರು. ಅಂಗಡಿ ಬೋರ್ಡಲ್ಲೂ ಅಳಿಸಿದ್ದಾಯ್ತು. ನಿನ್ನ ಹತ್ರ ಆದ್ರೂ ಇರ್ಲಿ ಬಿಡು, ತಾಯಿ.”

ಬಳಕೆಯಲ್ಲಿಲ್ಲದ ನಂಬರು ಕಂಡರೆ ಆ ಸಾಲು ಅಳಿಸಬೇಕು ಎಂದು ಮೇಲಿನವರ ಆದೇಶವಿದೆ. ಒಂದು ಗುಂಡಿ ಒತ್ತಿದರೆ ಮುಗಿಯುವ ಕೆಲಸ. ಅಕ್ಕ ಕೆಳಗಿಳಿದು ಬರುತ್ತಾರೆ, ಗುಂಡಿ ಒತ್ತುವುದಿಲ್ಲ. ನೆಂಟರ ಟೇಬಲ್ಲಿಗೆ ಹೊಸದೊಂದು ಅಂಕಣ ಸೇರಿಸುತ್ತಾರೆ: ‘ಮೊದಲ ಕರೆ’. ಸೊಸೆಯ ಸಾಲಿಗೆ ಅಲ್ಲಿ ಗುರುತು ಹಾಕುತ್ತಾರೆ. ಗುರುತಿದ್ದವರೇ ಮೊದಲು, ಅದಿಲ್ಲದಿದ್ದರೆ ಮಾತ್ರ ಹಳೆಯ ನಿಯಮ ಎಂದು ಕ್ವೆರಿ ತಿದ್ದುತ್ತಾರೆ. ಓಡಿಸಿ ನೋಡಿದರೆ ಪರದೆಯಲ್ಲಿ ಒಂದೇ ಸಾಲು, ತಾತ ಮತ್ತು ಸೊಸೆ. ಆಗ ಎಂಟಕ್ಕೆ ಸ್ವಲ್ಪವೇ ಬಾಕಿ.

“ಸುಮ್ನಿರಲಾರದೆ ಮೈಮೇಲೆ ಎಳ್ಕೊಂಡೆ,” ಎಂದು ಕಣ್ಣು ಉಜ್ಜಿಕೊಳ್ಳುತ್ತಾರೆ. “ಇನ್ಮೇಲೆ ಪ್ರತಿಯೊಬ್ಬರ ಹಾಸಿಗೆ ಹತ್ರ ಹೋಗಿ, ಯಾರಿಗೆ ಮೊದಲು ಹೇಳ್ಬೇಕು ಅಂತ ಕೇಳ್ಬೇಕು. ಕಂಪ್ಯೂಟರಿಗೆ ನೆಂಟಸ್ತಿಕೆ ಗೊತ್ತಾಗುತ್ತೆ, ಯಾರು ಓಡಿ ಬರ್ತಾರೆ ಅಂತ ಗೊತ್ತಾಗಲ್ಲ. ಈ ಮಂಡಿಯಲ್ಲಿ ಮೆಟ್ಟಿಲು ಬೇರೆ. ಅತ್ತೆ ಮುಲಾಮು ಇಬ್ಬರಿಗೂ ಆಗುತ್ತೆ ಬಿಡಿ.”

ಹನ್ನೊಂದರ ಹೊತ್ತಿಗೆ ಥಿಯೇಟರಿನಿಂದ ಕರೆ ಹೋಗುತ್ತದೆ. ಕರುಳಿನ ಒಂದು ತುಂಡು ಕೆಟ್ಟಿದೆ, ತೆಗೆಯಬೇಕು. ಬೇಕರಿಯ ಒಲೆಯ ಮುಂದಿದ್ದ ಸೊಸೆ ಮೊದಲ ರಿಂಗಿಗೇ ಎತ್ತಿ ಒಪ್ಪಿಗೆ ಕೊಡುತ್ತಾಳೆ. ಸ್ವಲ್ಪ ಹೊತ್ತಿಗೆಲ್ಲ ತೋಳಿಗೆ ಮೆತ್ತಿದ ಹಿಟ್ಟಿನೊಂದಿಗೇ ಓಡಿ ಬಂದಿರುತ್ತಾಳೆ. ಕರೆ ತನಗೇ ಹೇಗೆ ಬಂತು ಎಂದು ಅವಳು ಕೇಳುವುದಿಲ್ಲ. ಯಾಕೆ ಕೇಳಬೇಕು?

ಆಸೆ ಏನು ಎಂದು ಕೇಳಿದರೆ ಅಕ್ಕನದು ಒಂದೇ ಮಾತು. “ಒಂದು ದಿನ ಬೆಳಗಾದ್ಮೇಲೆ ಏಳ್ಬೇಕು. ಬೇರೇನಿಲ್ಲ.”

ಸಂಜೆ ಮನೆಗೆ ಹೊರಟವರು ಮತ್ತೆ ಮೆಟ್ಟಿಲು ಹತ್ತುತ್ತಾರೆ. ತಾತನಿಗೆ ಎಚ್ಚರವಾಗಿದೆ. ಸೊಸೆ ಪಕ್ಕದ ಸ್ಟೂಲಿನ ಮೇಲೆ ಕೂತಲ್ಲೇ ನಿದ್ದೆ ಹೋಗಿದ್ದಾಳೆ. ತಾತ ಒಣಗಿದ ತುಟಿಯಲ್ಲಿ ಮೆಲ್ಲಗೆ ಕೇಳುತ್ತಾರೆ, “ನಿನ್ನ ಹತ್ರ ಇದಾನಾ ಅವನು?”

“ಇದಾರೆ ತಾತ, ಅಲ್ಲೇ ಇದಾರೆ,” ಎನ್ನುತ್ತಾರೆ ಅಕ್ಕ. “ಫೋನ್ ಮಾತ್ರ ಇವಳಿಗೆ ಹೋಗುತ್ತೆ.”