ಪೀಣ್ಯದಲ್ಲಿ ಡಾಕ್ಟರು ಬೂಟು ಬಿಚ್ಚಿದ್ದು

ತುಮಕೂರಿನಿಂದ ಬೆಳಗಿನ ಪ್ಯಾಸೆಂಜರ್ ಹಿಡಿದು ಚಿಕ್ಕಬಾಣಾವರದಲ್ಲಿ ಇಳಿದೆ. ಎಂಬತ್ತರ ದಶಕದ ಕೊನೆ, ಫೆಬ್ರವರಿ ತಿಂಗಳು. ಬಿಸಿಲಿಗಿಂತ ಧೂಳೇ ಜಾಸ್ತಿ. ಭಾವ, ಅಂದರೆ ಅಕ್ಕನ ಗಂಡ, ಸ್ಟೇಷನ್ನಿಗೇ ಬಂದಿದ್ದರು. ಪೀಣ್ಯದ ಸರ್ಕಾರಿ ಕಾರ್ಖಾನೆಯೊಂದರಲ್ಲಿ ಅವರಿಗೆ ಕಬ್ಬಿಣ ಕಡೆಯುವ ಲೇತ್ ಯಂತ್ರದ ಮೇಲೆ ಕೆಲಸ. ಈಗ ಕ್ರೇನ್ ಆಪರೇಟರ್ ಆಗುವ ಸರದಿ ಬಂದಿತ್ತು. ಅದಕ್ಕೆ ಕಾರ್ಖಾನೆ ಆಸ್ಪತ್ರೆಯ ಮೆಡಿಕಲ್ ಸರ್ಟಿಫಿಕೇಟ್ ಬೇಕು, ಅವತ್ತೇ ಕೊನೆಯ ದಿನ. ಭಾವ ಒಬ್ಬರೇ ಹೋದರೆ ಜಗಳ ಮಾಡಿಕೊಳ್ಳುತ್ತಾರೆಂದು ಅಕ್ಕ ನನ್ನನ್ನು ಕರೆಸಿದ್ದಳು.

ಜಾಲಹಳ್ಳಿ ಕ್ರಾಸಿಗೆ ಬಸ್ ಟಿಕೆಟ್ ಎಂಬತ್ತು ಪೈಸೆ, ಕೂರಲು ಸೀಟಿಲ್ಲ. ಕ್ರಾಸಿನ ಹೋಟೆಲಿನಲ್ಲಿ ಇಡ್ಲಿ ಬಿಸಿಯಿತ್ತು, ಚಟ್ನಿ ನೀರಿನಂತಿತ್ತು. ತಿನ್ನುತ್ತಲೇ ಭಾವ ವಿಷಯ ಹೇಳಿದರು.

"ಆಸ್ಪತ್ರೆಗೆ ಕಂಪ್ಯೂಟರ್ ಬಂದೈತೆ ಕಣೋ. ಅದ್ರಲ್ಲಿ ನಂಗೆ ಫಿಟ್ಸ್ ಅಂತ ಬಂದ್ಬಿಟ್ಟೈತೆ. ಫಿಟ್ಸ್ ಇರೋದು ನಮ್ಮಮ್ಮಂಗೆ!"

"ಹಂಗಂತ ಹೇಳೋದಲ್ವಾ ಭಾವ?"

"ಹೇಳ್ದೆ. ನಂಗೆ ಏಳು ತಿಂಗ್ಳು ಬಸುರು ಅಂತಾನೂ ಐತೆ ನೋಡಿ ಸಾರ್ ಅಂದೆ. ಬಸುರು ಅನ್ನೋದು ತಪ್ಪಿರ್ಬೋದು, ಫಿಟ್ಸ್ ತಪ್ಪು ಅಂತ ಯಾರ್ ಹೇಳಿದ್ರು ಅಂತಾನೆ ಸರ್ಟಿಫಿಕೇಟ್ ತಗಳೋ ಆಫೀಸರ್ರು!"

ನನಗೆ ನಗು ತಡೆಯಲಾಗಲಿಲ್ಲ. ಬಸುರಿ ನಮ್ಮಕ್ಕ. ಭಾವ ಮಾತ್ರ ನಗಲಿಲ್ಲ. ಕ್ರೇನ್ ಕೈತಪ್ಪಿದರೆ ಇನ್ನೊಂದು ಅವಕಾಶ ಯಾವಾಗಲೋ. ಅದಕ್ಕಿಂತ ಹೆಚ್ಚಾಗಿ, ಮೂರ್ಛೆ ರೋಗದವನು ಎಂದು ಒಮ್ಮೆ ಹೆಸರು ಬಿದ್ದರೆ ಲೇತ್ ಮುಂದೆಯೂ ನಿಲ್ಲಿಸುವುದಿಲ್ಲ.

ಅಲ್ಲಿಂದ ಎರಡು ಕಿಲೋಮೀಟರಿನಷ್ಟು ನಡಿಗೆ. ದಾರಿಯುದ್ದಕ್ಕೂ ಶೆಡ್ಡುಗಳು, ಸುಟ್ಟ ಎಣ್ಣೆಯ ವಾಸನೆ, ಚಪ್ಪಲಿಗೆ ಚುಚ್ಚುವ ಕಬ್ಬಿಣದ ಚೂರು. ಆಸ್ಪತ್ರೆಯಲ್ಲಿದ್ದ ಹಿರಿಯ ಡಾಕ್ಟರಿಗೆ ನಿವೃತ್ತಿ ಹತ್ತಿರ. ಭಾವನನ್ನು ನೋಡಿದ ತಕ್ಷಣ, "ಏನಯ್ಯಾ, ಅಮ್ಮ ಮಾತ್ರೆ ತಪ್ಪಿಸ್ತಿಲ್ಲ ತಾನೆ?" ಎಂದರು. ವಿಷಯ ಕೇಳಿ ಪೆನ್ನು ತೆಗೆದರು. "ಆ ಡಬ್ಬದ ಮಾತು ಬಿಡು. ನಾನು ಬರ್ಕೊಡ್ತೀನಿ."

"ನೀವು ಬರ್ದಿದ್ದು ನಡಿಯಲ್ವಂತೆ ಸಾರ್. ಅದ್ರಿಂದಾನೇ ಬರ್ಬೇಕಂತೆ."

ಡಾಕ್ಟರು ಸಿಟ್ಟಿನಿಂದ ಎದ್ದರು. ಕಂಪ್ಯೂಟರ್ ಬಂದು ಆರು ತಿಂಗಳಾಗಿದ್ದರೂ ಅವರು ಅದನ್ನಿಟ್ಟ ಕೋಣೆಗೆ ಕಾಲಿಟ್ಟಿರಲಿಲ್ಲವಂತೆ. ಚೀಟಿ ಬರೆದು ಕಳಿಸುತ್ತಿದ್ದರು, ಒಳಗಿನವರು ಟೈಪ್ ಮಾಡಿಕೊಳ್ಳುತ್ತಿದ್ದರು. ಒಳಗೆ ಎಸಿ, ಧೂಳು ಹೋಗಬಾರದೆಂದು ಬಾಗಿಲಲ್ಲೇ ಪಾದರಕ್ಷೆ ಬಿಡಬೇಕು. ಡಾಕ್ಟರು ಗೊಣಗುತ್ತಾ ಬೂಟು ಬಿಚ್ಚಿದರು. ಕಾಲುಚೀಲದಿಂದ ಹೆಬ್ಬೆರಳು ಹೊರಗಿಣುಕಿತು. ಎಲ್ಲರೂ ನೋಡದವರಂತೆ ನಿಂತೆವು.

ಕಂಪ್ಯೂಟರ್ ಮುಂದಿದ್ದ ಹೆಂಗಸು ಭಾವನ ಟೋಕನ್ ನಂಬರ್ ಒತ್ತಿದರು. ಕಾರ್ಖಾನೆಯಲ್ಲಿ ಕೆಲಸಗಾರನ ಟೋಕನ್ ನಂಬರೇ ಇಡೀ ಮನೆಯವರ ಚಿಕಿತ್ಸೆಗೂ ನಂಬರ್. ಪರದೆಯ ಮೇಲೆ ಮೂರ್ಛೆ, ಬಸುರು, ಭಾವನ ಬೆನ್ನುನೋವು ಒಂದರ ಕೆಳಗೊಂದು ಮೂಡಿದವು.

"ಯಾರಮ್ಮಾ ಹಿಂಗೆ ಹಾಕಿದ್ದು?" ಡಾಕ್ಟರು ಗದರಿದರು.

"ನಿಮ್ಮ ಚೀಟೀಲಿ ಇದ್ದಂಗೇ ಹಾಕಿದೀನಿ ಸಾರ್. ಟೋಕನ್, ಕಾಯಿಲೆ, ಔಷಧಿ. ಯಾರಿಗೆ ಅಂತ ನೀವು ಯಾವತ್ತೂ ಬರ್ದಿಲ್ಲ."

"ಅವರಮ್ಮಂಗೆ ಫಿಟ್ಸ್ ಅಂತ ಇಡೀ ಆಸ್ಪತ್ರೆಗೆ ಗೊತ್ತು ಕಣಮ್ಮಾ!"

"ಇದಕ್ಕೆ ಗೊತ್ತಿಲ್ವಲ್ಲ ಸಾರ್."

ಡಾಕ್ಟರು ಬಗ್ಗಿ ಪರದೆ ನೋಡಿದರು. ರೋಗಿಯ ಮುಖ ನೋಡಿದರೆ ಸಾಕಿತ್ತು ಅವರಿಗೆ. ಹೆಸರು ಬರೆಯುವ ಅಗತ್ಯವೇ ಬಿದ್ದಿರಲಿಲ್ಲ. ಆಮೇಲೆ ಭಾವನತ್ತ ತಿರುಗಿ, "ನಿಜ ಹೇಳು. ನಿಂಗೆ ಯಾವತ್ತಾದ್ರೂ ಬಂದಿದ್ಯಾ?" ಎಂದರು.

"ಅಮ್ಮನಾಣೆ ಇಲ್ಲ ಸಾರ್."

ಡಾಕ್ಟರು ಕುರ್ಚಿ ಎಳೆದು ಕೂತರು. ಯಾವ ಕಾಯಿಲೆ ಯಾರದೆಂದು ಒಂದೊಂದಾಗಿ ಹೇಳಿದರು, ಆಕೆ ಬಿಡಿಸಿ ಹಾಕಿದರು. ಪ್ರಿಂಟರ್ ಕಿರ್ರೆಂದು ಕಿರುಚಿ ಹಾಳೆ ಕೊಟ್ಟಿತು: ಬೆನ್ನುನೋವು ಮಾತ್ರ. ಡಾಕ್ಟರು ಭಾವನನ್ನು ಅಲ್ಲೇ ಪರೀಕ್ಷಿಸಿ ಸಹಿ ಹಾಕಿದರು. ಭಾವ ಆಫೀಸಿಗೆ ಓಡಿದರು.

ನಾನು ಹೊರಡುವಾಗ ಡಾಕ್ಟರು ಏಳಲಿಲ್ಲ. "ಇವನ ಪಕ್ಕದ ಲೇತ್‌ನವನು ಇದಾನಲ್ಲ, ಅವನ ಹೆಂಡ್ತಿಗೆ ಸಕ್ಕರೆ ಕಾಯಿಲೆ. ಅದನ್ನ ಯಾರ ಮೇಲೆ ಹಾಕಿದೀಯ ತೋರ್ಸಮ್ಮಾ" ಎನ್ನುತ್ತಿದ್ದರು.

ಮಧ್ಯಾಹ್ನ ಭಾವ ಆಫೀಸಿನಿಂದ ನಗುತ್ತಾ ಬಂದರು, ಅಲ್ಲಿನವರು ಹಾಳೆ ಒಪ್ಪಿಕೊಂಡಿದ್ದರು. ಊಟ ಮುಗಿಸಿ ಬಸ್ಸಿಗೆಂದು ಮತ್ತೆ ಆಸ್ಪತ್ರೆಯ ಮುಂದೆಯೇ ಹಾದು ಬಂದೆವು. ರೋಗಿಗಳ ಸಾಲು ಡಾಕ್ಟರ ಕೋಣೆ ಬಿಟ್ಟು ಕಂಪ್ಯೂಟರ್ ಕೋಣೆಯ ಕಡೆ ತಿರುಗಿತ್ತು. ಬಾಗಿಲಲ್ಲಿ ರಾಶಿ ಹವಾಯಿ ಚಪ್ಪಲಿ. ನಡುವೆ ಡಾಕ್ಟರ ಕಪ್ಪು ಬೂಟುಗಳು ಇನ್ನೂ ಅಲ್ಲೇ ಇದ್ದವು.