ಪಕ್ಕದ ಮನೆಯವಳ ಬಾಯಿ

ಸವಾಯಿ ದ್ವೀಪದ ನಮ್ಮೂರಿನಲ್ಲಿ ಲಾಂಗಿಯಷ್ಟು ಚೆನ್ನಾಗಿ ಕೋಕೋ ಬೆಳೆಯುವವರಿಲ್ಲ, ಅವಳಷ್ಟು ಕೆಟ್ಟದಾಗಿ ಮಾರುವವರೂ ಇಲ್ಲ. ಮನೆಗೆ ಬಂದು ಚಾಪೆಯ ಮೇಲೆ ಕೂತವರಿಗೆ ಬೆಲೆ ಹೇಳಲು ಅವಳಿಗೆ ಬಾಯೇ ಬರುವುದಿಲ್ಲ. ಹೋದ ವರ್ಷ ಪಟ್ಟಣದ ವ್ಯಾಪಾರಿಗೆ ಬಿಸಿ ಕೋಕೋ ಕುಡಿಸಿ, ಬೀಜದ ಮೂಟೆಯನ್ನು ಉಡುಗೊರೆಯಾಗಿ ಹೊರಿಸಿ ಕಳಿಸಿದಳು. ಅವಳ ನಷ್ಟ ಕಂಡು ನಮಗೆಲ್ಲ ಹೊಟ್ಟೆ ಉರಿಯಿತು.

ಅದಕ್ಕೇ ನಮ್ಮ ಹೆಂಗಸರ ಸಂಘದಲ್ಲಿ ಈ ಸಲ ಹೊಸ ಕಟ್ಟಳೆ ಮಾಡಿದೆವು. ಯಾರ ಮಾಲನ್ನೂ ಅವರೇ ಮಾರಬಾರದು, ಪಕ್ಕದ ಮನೆಯವಳು ಮಾರಬೇಕು. ಲಾಂಗಿಯ ಪಾಲಿಗೆ ಬಂದವಳು ಪೆನೀನಾ. "ಔಷಧಿ ಹೊಡೆಯೋಕೂ ಸೋಮಾರಿತನ. ತೋಟ ಅಂತಾಳೆ, ಕಾಡು ಅದು" ಎಂದು ಲಾಂಗಿಯನ್ನು ವರ್ಷಗಟ್ಟಲೆ ಆಡಿಕೊಂಡವಳು.

ವ್ಯಾಪಾರಿ ಮತ್ತೆ ಬಂದ. ಲಾಂಗಿ ಅಡುಗೆಮನೆಯಲ್ಲಿ ಕೋಕೋ ಕಲಕುತ್ತಾ ಕಿವಿಗೊಟ್ಟಳು.

"ಇವಳ ನೆಲಕ್ಕೆ ಒಂದು ತೊಟ್ಟು ವಿಷ ಬಿದ್ದಿಲ್ಲ," ಎನ್ನುತ್ತಿದ್ದಳು ಪೆನೀನಾ. "ಹುಲ್ಲನ್ನೂ ಕತ್ತಿಯಲ್ಲೇ ಸವರ್ತಾಳೆ. ಇಂಥ ಬೀಜ ಈ ದ್ವೀಪದಲ್ಲೇ ಇಲ್ಲ. ಹೇಳಿದ ಬೆಲೆ ಕೊಡೋದಾದ್ರೆ ಕೊಡಿ, ಇಲ್ಲಾಂದ್ರೆ ಕೋಕೋ ಕುಡಿದು ಹೊರಡಿ."

ಅವನು ಚೌಕಾಸಿ ಮಾಡದೆ ಕೊಟ್ಟ.

ಲಾಂಗಿ ಕಣ್ಣೊರೆಸಿಕೊಳ್ಳುತ್ತಾ ಹೊರಗೆ ಬಂದಳು.

"ಬೀಗಬೇಡ ಕಣೇ," ಎಂದಳು ಪೆನೀನಾ. "ನಂಗೇನೋ ನಿಜ ಹೇಳಿದ್ರೆ ಸಾಕಾಯ್ತು. ನಾಳೆ ನನ್ನ ಕೆಸುವಿನ ಗಡ್ಡೆ ಮಾರುವಾಗ ನೀನು ಸುಳ್ಳು ಹೇಳ್ಬೇಕು. ಈಗಿಂದ್ಲೇ ಕಲಿ."